ನಗೆಬರಹಕ್ಕೆ ಮೊದಲ ಬಹುಮಾನ

ವೇದಿಕೆಯ ಮೇಲೆ ತನಗೆಂದು ಬಿಟ್ಟ ಕುರ್ಚಿಯಲ್ಲಿ ಕೂತು, ಎದುರಿಗಿಟ್ಟ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ತಲೆಯೆತ್ತಿದಾಗ ಗೌಸೋದ್ದೀನನಿಗೆ ಮೊದಲ ಸಾಲಿನಲ್ಲಿ ಅಕ್ಕ ಕಂಡಳು. ಅವಳನ್ನೇ ಹೋಲುವವರು ಯಾರೋ ಇರಬೇಕು ಅಂದುಕೊಂಡ. ಬುರ್ಖಾದ ಮುಸುಕನ್ನು ತಲೆಯ ಮೇಲಕ್ಕೆ ಸರಿಸಿ, ಈದಿಗೆ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ಹಸಿರು ದುಪಟ್ಟಾ ಹೊದ್ದು ಕೂತಿದ್ದ ಆ ಹೆಂಗಸು ಅವನನ್ನೇ ನೋಡಿ ನಕ್ಕಳು. ಸುಳ್ಳಲ್ಲ, ಮಹಮೂದಾ ಬೇಗಂ ಅವಳೇ. ಭಾಲ್ಕಿಯಲ್ಲಿ ಬಳೆ ಅಂಗಡಿ ಇಟ್ಟವಳು, ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ, ಓದಿಸಿ, ಮಾಸ್ತರನನ್ನಾಗಿ ಮಾಡಿದವಳು, ಅವನ ಆಪಾ. ಮುಚ್ಚಳ ಕೈಯಿಂದ ಜಾರಿ ಮುಖ್ಯ ಅತಿಥಿಗಳ ಕುರ್ಚಿಯ ಕೆಳಗೆ ಉರುಳಿತು. ಆಪಾಳ ಪಕ್ಕದಲ್ಲಿ ಪ್ರಣಿತಾ ಇದ್ದಳು, ಬಳೆ ಅಂಗಡಿಯ ಗೋಡೆಗೆ ಹತ್ತಿಕೊಂಡಿರುವ ಮಳಿಗೆಯಲ್ಲಿ ಬ್ಲೌಸು ಹೊಲಿಯುವ ಹುಡುಗಿ, ಮುಂದಿನ ತಿಂಗಳು ಮದುವೆಯಾಗುವವಳು. ಇವರಿಗೆ ಯಾರು ಹೇಳಿದರು? ಗೋಡೆಯ ಬದಿಗೆ ನಿಂತಿದ್ದ ವಿಲ್ಸನ ಹುಬ್ಬು ಹಾರಿಸಿದ. ಔರಾದದ ಶಾಲೆಯಲ್ಲಿ ಅವನ ಜೊತೆಗೇ ಕೆಲಸ ಮಾಡುವ, ಇಂಗ್ಲಿಷು ಕಲಿಸುವ ವಿಲ್ಸನ. ವೇದಿಕೆಯ ಅಂಚಿಗೆ ಬಂದು ಬಗ್ಗಿ, "ನಾನೇ ಫೋನ್ ಹಚ್ಚಿ ಕರಸೀನ್ರಿ ಸರ್. ನಿಮಗ ಗೊತ್ತಾಗಬಾರದಂತ ಹೇಳಿದ್ದೆ. ಹ್ಯಾಂಗ?" ಅಂದ. ಗೌಸೋದ್ದೀನ ಚಲೋ ಮಾಡಿದಿರಿ ಅಂದ. ಅವನ ಅಂಗಿಯ ಜೇಬಿನಲ್ಲಿ ಬಹುಮಾನ ಬಂದ ಬರಹದ, ಮಡಚಿಟ್ಟ ನಾಲ್ಕು ಹಾಳೆಗಳಿದ್ದವು. ಆಪಾಗೆ ಕನ್ನಡ ಓದಲು ಬರುವುದಿಲ್ಲ. ಆ ಒಂದು ಸಂಗತಿ ನೆನಪಾಗಿ ಎದೆ ಸ್ವಲ್ಪ ಹಗುರಾಯಿತು.

ಅವನ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಬೀದರಿನ ಅವನ ಮನೆಯಲ್ಲೂ, ಭಾಲ್ಕಿಯ ಆಪಾಳ ಮನೆಯಲ್ಲೂ ಮಾತೆಲ್ಲ ಈ ಕಡೆಯ ಆಡು ಉರ್ದುವಾದ ದಖನಿ. ಓದಿದ್ದರೆ ಅಷ್ಟಿಷ್ಟು ಉರ್ದು. ಕನ್ನಡ ಅಕ್ಷರ ಅವನೊಬ್ಬನದು. ಅದು ಅವನಿಗೆ ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಕೋಣೆಯಾಗಿತ್ತು, ಮತ್ತು ಇಷ್ಟು ವರ್ಷ ಅಲ್ಲಿ ಕೂತು ಅವನು ಮಾಡಿದ್ದೇನು ಎಂದರೆ ಕವಿತೆ. ಕೋಟೆಯ ಮೇಲೆ, ಚಂದ್ರನ ಮೇಲೆ, ತ್ಯಾಗದ ಮೇಲೆ. ಆಪಾಳ ಮೇಲೂ ಒಂದು ಬರೆದಿದ್ದ. ದೀಪ, ಎಣ್ಣೆ, ಬತ್ತಿ ಎಲ್ಲ ಇದ್ದ ಕವಿತೆ. ಒಮ್ಮೆ ಹುಮ್ಮಸ್ಸಿಗೆ ಬಿದ್ದು ಅದನ್ನು ಅವಳಿಗೆ ಓದಿ ಹೇಳಿದಾಗ ಅವಳು ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಿ, ಮುಗಿಯುವವರೆಗೂ ಮರ್ಯಾದೆಯಿಂದ ಕೇಳಿ, "ಅಚ್ಛಾ ಹೈ ರೇ" ಅಂದಳು. ಒಂದು ಶಬ್ದವೂ ಅವಳಿಗೆ ತಿಳಿದಿರಲಿಲ್ಲ. ತಿಳಿಯುವಂಥದ್ದು ಅದರಲ್ಲಿ ಇರಲೂ ಇಲ್ಲ, ಪಾಪ. ಜಿಲ್ಲೆಯ ನೆನಪಿನ ಸಂಚಿಕೆಗಳಲ್ಲಿ ಜಾಹೀರಾತುಗಳ ನಡುವೆ ಅವು ಅಚ್ಚಾಗುತ್ತಿದ್ದವು, ಅಚ್ಚಾದ ಮೇಲೆ ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಔರಾದದ ಬಸ್ಸಿನಲ್ಲಿ ವಿಲ್ಸನನೇ ತಡೆಯಲಾರದೆ, "ಸರ್, ಸಿಟ್ಟಿಗೇಳಬ್ಯಾಡ್ರಿ, ಕವಿತಿ ಸ್ವಲ್ಪ ಬಾಜೂಕಿಡ್ರಿ. ಬ್ಯಾರೆ ಏನಾರ ಬರೀರಿ. ಕೈ ಸಡ್ಲ ಆಗ್ತದ" ಅಂದಿದ್ದ. ಅಂದಿನಿಂದ ವಿಲ್ಸನ ಎಲ್ಲೆಲ್ಲಿಯ ಸ್ಪರ್ಧೆಗಳ ಸುದ್ದಿಯನ್ನೂ ಅವನ ಫೋನಿಗೆ ಕಳಿಸತೊಡಗಿದ. ಗೌಸೋದ್ದೀನ ಒಂದನ್ನೂ ಬಿಡಲಿಲ್ಲ. ಪತ್ತೇದಾರಿ ಕಥೆ ಬರೆದ. ಕೊಲೆಗಾರನ ಮೇಲೆ ಅವನಿಗೇ ಕನಿಕರ ಬಂದು ಎರಡನೆಯ ಪುಟದಲ್ಲೇ ಅವನಿಂದ ತಪ್ಪೊಪ್ಪಿಗೆ ಮಾಡಿಸಿಬಿಟ್ಟ. ದೆವ್ವದ ಕಥೆ ಬರೆದ. ತಮ್ಮ ದೆವ್ವ ಬಹಳ ಸಭ್ಯವಾಗಿದೆ ಎಂದು ತೀರ್ಪುಗಾರರು ಬರೆದು ಕಳಿಸಿದರು. ಮಕ್ಕಳ ನಾಟಕ ಬರೆದು ತನ್ನ ಶಾಲೆಯ ಮಕ್ಕಳಿಗೇ ಕೊಟ್ಟಾಗ ಅವರು ಆಕಳಿಸಿದರು. ಪ್ರತಿ ಸಲ ಸೋತು ಬಂದಾಗಲೂ ಒಳಗೆ ಏನೋ ತುರಿಸುತ್ತಿತ್ತು, ಇನ್ನೊಂದು ಬಾಗಿಲು ತಟ್ಟಿ ನೋಡೋಣ ಅನ್ನಿಸುತ್ತಿತ್ತು. ಕೊನೆಗೆ ನಗೆಬರಹದ ಸ್ಪರ್ಧೆ ಬಂತು. ಗೌಸೋದ್ದೀನ ಮಾಸ್ತರು ನಗಿಸುವುದೇ ಎಂದು ಅವನ ಹೆಂಡತಿ ಸಾನಿಯಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆ ನಗೆಬರಹ ಹುಟ್ಟಿದ್ದು ಔರಾದದ ದಾರಿಯಲ್ಲಿ, ಜನವಾಡದ ಹತ್ತಿರ ಕೆಟ್ಟು ನಿಂತಿದ್ದ ಬಸ್ಸಿನಲ್ಲಿ. ಪಕ್ಕದ ಸೀಟಿನ ಹೆಂಗಸೊಬ್ಬಳು ಫೋನಿನಲ್ಲಿ ಕಿರುಚಿ ಮಾತಾಡುತ್ತಿದ್ದಳು, ಇವನಿಗೆ ಆಪಾ ನೆನಪಾದಳು. ಆಪಾಳ ಗಂಡ, ಇವರೆಲ್ಲ ದುಲ್ಹೇಭಾಯಿ ಎಂದು ಕರೆಯುತ್ತಿದ್ದವನು, ಗಲ್ಫಿಗೆ ಹೋದವನು ಮೊದಮೊದಲು ಪ್ರತಿ ಶುಕ್ರವಾರ ಫೋನು ಮಾಡುತ್ತಿದ್ದ. ಆಮೇಲೆ ಯಾವಾಗಲೋ ನಿಲ್ಲಿಸಿದ, ಅದು ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು ಬಂದವರೊಬ್ಬರು ಹೇಳಿದ್ದು ಗೌಸೋದ್ದೀನನ ಕಿವಿಗೂ ಬಿದ್ದಿತ್ತು, ನಂಬಿರಲಿಲ್ಲ. ಯಾಕೆಂದರೆ ಅಂಗಡಿಯಲ್ಲಿ ಆಪಾಳ ಶುಕ್ರವಾರದ ಫೋನು ನಿಂತಿರಲಿಲ್ಲ. ಅಂಗಡಿ ತುಂಬ ಹೆಂಗಸರು ಬಳೆ ಇಡಿಸಿಕೊಳ್ಳಲು ಕೂತಿರುವಾಗ ಆಪಾ ಫೋನು ಕಿವಿಗಿಟ್ಟುಕೊಂಡು ಗಂಡನ ಜೊತೆ ಮಾತಾಡುತ್ತಿದ್ದಳು, ಎಲ್ಲರಿಗೂ ಕೇಳುವಂತೆ. ಕೇಳಿಸಲೇಬೇಕಿತ್ತು. ಭಾಲ್ಕಿಯ ಸುತ್ತ ಯಾರ ಮನೆಯ ಮದುವೆಯಾದರೂ ಮದುಮಗಳಿಗೆ ಹಸಿರು ಬಳೆ ಇಡಿಸಲು ಆಪಾಳನ್ನೇ ಮನೆಗೆ ಕರೆಯುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಗಂಡ ಇದ್ದಾನೋ ಇಲ್ಲವೋ ಕೇಳುತ್ತಿದ್ದರು. ಗಂಡ ಸತ್ತವಳ ಕೈಯಿಂದ, ಬಿಟ್ಟವಳ ಕೈಯಿಂದ ಮೊದಲ ಬಳೆ ಯಾರೂ ಇಡಿಸಿಕೊಳ್ಳುವುದಿಲ್ಲ. ಒಂದು ಶುಕ್ರವಾರ ಅವನು ಭಾಲ್ಕಿಗೆ ಹೋಗಿ ಅಂಗಡಿಯ ಎದುರಿನ ಮೂಲೆಯಲ್ಲಿ ಇಳಿದು, ಖೀಮಾ ತರಲೋ ಬೇಡವೋ ಕೇಳೋಣವೆಂದು ಫೋನು ಹಚ್ಚಿದ. ರಸ್ತೆಯಾಚೆ ಆಪಾ ದುಲ್ಹೇಭಾಯಿಯ ಜೊತೆ ಮಾತಾಡುತ್ತಿದ್ದಳು, ಮತ್ತು ಮಾತಾಡುತ್ತಿದ್ದ ಫೋನು ಅವಳ ಕಿವಿಯಲ್ಲೇ ಗಣಗಣ ರಿಂಗಾಯಿತು. ಅವಳು ಅದನ್ನು ಕಿವಿಯಿಂದ ತೆಗೆದು ನೋಡಿದಳು. ಅದರ ಮೇಲೆ ಇವನ ಫೋಟೋ. ತಲೆಯೆತ್ತಿ ರಸ್ತೆಯಾಚೆ ನೋಡಿದಳು. ಇವನು ಫೋನು ಕತ್ತರಿಸಿದ. ಅವಳು ಹೆಂಗಸರ ಕಡೆ ತಿರುಗಿ, "ನೆಟ್‌ವರ್ಕ್ ಒಮ್ಮೊಮ್ಮಿ ಹಿಂಗ ಮಾಡ್ತದ್ರಿ" ಅಂದು, ಮತ್ತೆ ಕಿವಿಗಿಟ್ಟು, "ಹಾಂ, ಹೇಳ್ರಿ" ಅಂದಳು. ಇವನು ಬಜಾರು ಸುತ್ತಿ ತಡವಾಗಿ ಹೋದ. ಎಂದಿನಂತೆ ಊಟ ಬಡಿಸಿದಳು. ಸಂಜೆ ಬಸ್ಸಿಗೆ ಬಿಡಲು ಬಂದವಳು ಅವನ ಮೊಣಕೈ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಷ್ಟೇ ಅವರ ನಡುವೆ ಆದದ್ದು. ಇದನ್ನು ಅವನು ಸಾನಿಯಾಗೂ ಹೇಳಿರಲಿಲ್ಲ.

ಬರೆಯಲು ಕೂತಾಗ ಅವನ ಕೈ ಓಡಿತು. ಕವಿತೆ ಬರೆಯುವಾಗ ಒಂದು ಸಾಲಿಗೆ ಒಂದು ಚಹಾ ಬೇಕಾಗುತ್ತಿತ್ತು, ಈಗ ಚಹಾ ಆರಿ ಹೋಯಿತು. ಬಳೆ ಅಂಗಡಿಯನ್ನು ಹೂವಿನ ಅಂಗಡಿ ಮಾಡಿದ, ಮಹಮೂದಾಳನ್ನು ಚಾಂದಬೀ ಮಾಡಿದ, ಭಾಲ್ಕಿಯನ್ನು ಹೆಸರಿಲ್ಲದ ಊರು ಮಾಡಿದ. ಉಳಿದದ್ದನ್ನೆಲ್ಲ ಹಾಗೇ ಬಿಟ್ಟ. ಬರೆಯುತ್ತ ಬರೆಯುತ್ತ ಅವನಿಗೆ ಒಂದು ವಿಷಯ ಹೊಳೆದು ಗಟ್ಟಿಯಾಗಿ ನಕ್ಕುಬಿಟ್ಟ: ದಖನಿ ಮಾತಾಡುವ ಹೆಂಗಸು ತನ್ನ ಗಂಡನ ಜೊತೆ ಫೋನಿನಲ್ಲಿ ಕನ್ನಡ ಯಾಕೆ ಮಾತಾಡುತ್ತಾಳೆ? ಗಿರಾಕಿಗಳಿಗೆ ತಿಳಿಯಲಿ ಎಂದಲ್ಲವೇ? ಇಷ್ಟು ವರ್ಷ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅದನ್ನೇ ಮೊದಲನೆಯ ಹಾಳೆಗೆ ತಂದು ಹಾಕಿದ. ಒಂದು ಸಲವೂ ನಾಚಿಕೆಯಾಗಲಿಲ್ಲ. ಆಪಾ ಇದನ್ನು ಓದುವವಳಲ್ಲ, ಆ ಕೋಣೆಗೆ ಅಗಳಿ ಹಾಕಿದೆ ಎಂಬ ಧೈರ್ಯ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅವಳ ಬಗ್ಗೆ ಬರೆಯುತ್ತಿದ್ದೇನೆ ಎಂಬುದೇ ನೆನಪಿರಲಿಲ್ಲ.

ಸ್ಪರ್ಧೆ ನಡೆಸಿದ ಸಂಘದ ಕಾರ್ಯದರ್ಶಿ ಕಾಶೀರಾಮ ಮೈಕು ಸರಿಮಾಡಿಕೊಂಡು ಇವನ ಹೆಸರು ಕರೆದ. "ನಮ್ಮ ಸಂಘದ ಪದ್ಧತಿ ನಿಮಗೆಲ್ಲ ಗೊತ್ತದ. ಮೊದಲ ಬಹುಮಾನ ಬಂದವರು ತಮ್ಮ ಬರಹ ತಾವೇ ಓದಬೇಕು. ಓದಿದ ಮ್ಯಾಲೆ ಹಾರ, ಶಾಲು."

ಗೌಸೋದ್ದೀನ ಎದ್ದು ನಿಂತ. ಕಾಶೀರಾಮ ಅವನ ಕಿವಿಯ ಬಳಿ ಬಾಗಿ, "ಟೈಮ್ ಕಮ್ಮಿ ಅದ್ರಿ ಮಾಸ್ತರ್ರ. ನಡುವಿಂದ ಒಂದೆರಡು ಹಾಳಿ ಬಿಟ್ರೂ ನಡೀತದ" ಅಂದ.

ಮೈಕಿನ ಮುಂದೆ ಹಾಳೆ ಬಿಡಿಸಿದಾಗ ಮೊದಲು ಅವನಿಗೆ ಬಂದದ್ದು ಎಂಥ ಮೂರ್ಖ ವಿಚಾರವೆಂದರೆ, ಆಪಾಗೆ ಇದು ತಿಳಿಯುವುದಿಲ್ಲ ಎಂಬುದು. ದೀಪ ಎಣ್ಣೆ ಬತ್ತಿಯ ಕವಿತೆ ತಿಳಿಯಲಿಲ್ಲವಲ್ಲ. ಆಮೇಲೆ ಅವನ ಕಣ್ಣು ಮೊದಲ ಸಾಲಿನ ಮೇಲೆ ಬಿತ್ತು, ಹಾಳೆಯ ಮೊದಲ ಸಾಲು, "ಏನ್ರೀ ಅಕ್ಕಾರ, ಹೂವಿಗೆ ಬಂದೀರೋ ಸುದ್ದಿಗೆ ಬಂದೀರೋ". ಇದು ಅವಳದೇ ಮಾತು. ಬೆಳಗಿನಿಂದ ಸಂಜೆಯವರೆಗೆ ಅವಳು ಅಂಗಡಿಯಲ್ಲಿ ಆಡುವ ಕನ್ನಡ ಇದು, ಇದೇ ಕನ್ನಡ ಬರೆದದ್ದಕ್ಕೆ ತೀರ್ಪುಗಾರರು ಮೆಚ್ಚಿದ್ದು. ಅವಳಿಗೆ ಓದಲು ಬರುವುದಿಲ್ಲ, ಅಷ್ಟೇ. ಇಡೀ ಭಾಲ್ಕಿಯ ಹೆಂಗಸರ ಜೊತೆ ಕನ್ನಡದಲ್ಲಿ ಚೌಕಾಶಿ ಮಾಡುವವಳಿಗೆ ಕನ್ನಡ ಬರುವುದಿಲ್ಲ ಎಂದು ತಾನು ಯಾವಾಗ, ಹೇಗೆ ಅಂದುಕೊಂಡೆ? ಎದುರಿಗೆ ಆಪಾ ಕೇಳಲು ಅನುಕೂಲವಾಗಲೆಂದು ಕಿವಿಯ ಮೇಲಿನ ಬಟ್ಟೆ ಹಿಂದಕ್ಕೆ ಸರಿಸಿಕೊಂಡಳು.

ಓದಿದ. ಬೇರೆ ಏನು ಮಾಡುವುದು? ಮೊದಲ ಸಾಲಿಗೇ ಹಿಂದಿನಿಂದ ಒಂದು ನಗು ಬಂತು, ಎರಡನೆಯದಕ್ಕೆ ನಡುವಿನಿಂದ, ಮೂರನೆಯದಕ್ಕೆ ಹಾಲ್ ಪೂರಾ ನಕ್ಕಿತು. ಆಪಾ ಎಲ್ಲರಿಗಿಂತ ಜೋರು ನಕ್ಕಳು. ಹೂವು ಮೂಸಿ ನೋಡಿ ಕೊಳ್ಳದೆ ಹೋಗುವ ಗಿರಾಕಿಯ ಮಾತು ಬಂದಾಗ ಪ್ರಣಿತಾಳ ತೊಡೆ ತಟ್ಟಿ, ನೋಡು ಎಂಬಂತೆ ವೇದಿಕೆ ತೋರಿಸಿದಳು. ಇಷ್ಟು ವರ್ಷದಲ್ಲಿ ಗೌಸೋದ್ದೀನ ಬರೆದ ಒಂದು ಸಾಲಿಗೂ ಎದುರಿನಿಂದ ಹೀಗೆ ಏನೂ ಬಂದಿರಲಿಲ್ಲ. ಅವನ ಗಂಟಲು ತಾನಾಗಿ ತೆರೆದುಕೊಂಡಿತು, ದನಿ ಏರಿತು. ಚಾಂದಬೀ ಫೋನು ಕಿವಿಗಿಟ್ಟುಕೊಂಡಳು. "ಹೂಂರಿ, ಉಂಡೀರಿಲ್ಲೋ? ಬಿಸಿಲಾಗ ತಿರಗಬ್ಯಾಡ್ರಿ. ಅರಬರ ಒಂಟಿ ಹಾಲು ಕುಡೀಬ್ಯಾಡ್ರಿ, ನಿಮಗ ಆಗಿಬರಲ್ಲ." ಇದನ್ನು ಅವನು ಆಪಾಳ ದನಿಯಲ್ಲೇ ಓದುತ್ತಿದ್ದ. ಕೈ ಕೂಡ ಅವಳ ಹಾಗೆ ತಿರುವುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು, ಮುಖ್ಯ ಅತಿಥಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಾಗ ಬಾಯಿಗೆ ಅಡ್ಡ ಹಿಡಿದಿದ್ದ ಆಪಾಳ ಕೈ ಅಲ್ಲೇ ನಿಂತಿತು.

ಮೂರನೆಯ ಹಾಳೆ ಬಂತು. ಅದರಲ್ಲಿ ಫೋನು ಕಿವಿಯಲ್ಲೇ ರಿಂಗಾಗುತ್ತದೆ. ಇದನ್ನು ಬಿಡಬಹುದು ಎಂದು ಅವನಿಗೆ ಗೊತ್ತಿತ್ತು. ಕಾಶೀರಾಮ ಕಿವಿಯಲ್ಲಿ ಹೇಳಿದ್ದ, ಹಾಳೆಯನ್ನು ಕೆಳಗೆ ಸರಿಸಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಹಾಳೆಯ ಅಂಚಿಗೆ ಹೋಯಿತು ಕೂಡ. ಹಾಲ್ ಕಾಯುತ್ತಿತ್ತು. ಮುನ್ನೂರು ಮುಖ ಬಾಯಿ ಅರ್ಧ ತೆರೆದು, ಅವನು ಮುಂದೆ ಏನು ಅನ್ನುತ್ತಾನೋ ಎಂದು ಅವನನ್ನೇ ನೋಡುತ್ತಿದ್ದವು. ಅವನು ಆಪಾಳ ಕಡೆ ನೋಡಲಿಲ್ಲ. ಮೂರನೆಯ ಹಾಳೆ ಓದಿದ. ಗಣಗಣ ಎಂದು ಬಾಯಿಂದ ಶಬ್ದ ಮಾಡಿ ಓದಿದ. ಸ್ವಲ್ಪ ತಡೆದು, ಸರಿಯಾದ ಹೊತ್ತಿಗೆ, "ನೆಟ್‌ವರ್ಕ್ ಒಮ್ಮೊಮ್ಮಿ ಹಿಂಗ ಮಾಡ್ತದ್ರಿ" ಅಂದ. ಹಾಲ್ ಕಿತ್ತುಹೋಗುವಂಥ ನಗು ಎದ್ದಿತು, ಯಾರೋ ಸೀಟಿ ಹೊಡೆದರು. ಆಗ ಕಣ್ಣು ತಪ್ಪಿ ಕೆಳಗೆ ಹೋಯಿತು. ಪ್ರಣಿತಾ ನಗುತ್ತಿರಲಿಲ್ಲ. ಅವಳು ಕತ್ತು ಹೊರಳಿಸಿ ಆಪಾಳನ್ನು ನೋಡುತ್ತಿದ್ದಳು. ಎಷ್ಟು ಶುಕ್ರವಾರ ಗೋಡೆಯಾಚೆಯಿಂದ ಆ ಮಾತು ಕೇಳಿದ್ದಳೋ ಆ ಹುಡುಗಿ! ಆಪಾ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು. ಗೌಸೋದ್ದೀನನಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು, ಮತ್ತು ಅದಕ್ಕಿಂತ ಭಯವಾದದ್ದು, ಮಾಡುವಾಗ ಎಷ್ಟು ಹಿತವಾಗಿತ್ತು ಎಂಬುದು ಇನ್ನೂ ಮೈಯಲ್ಲಿ ಇತ್ತು. ನಾಲ್ಕನೆಯ ಹಾಳೆಯನ್ನು ಅವನು ಏನು ಓದಿದನೋ ಅವನಿಗೇ ತಿಳಿಯದು. ಅದಕ್ಕೂ ನಕ್ಕರು.

ಚಪ್ಪಾಳೆ ಮುಗಿಯುವ ಮುಂಚೆ ವಿಲ್ಸನ ಮೈಕಿಗೆ ಬಂದಿದ್ದ. ಒಳ್ಳೆಯ ಮನುಷ್ಯ, ಅವನ ತಪ್ಪೇನೂ ಇಲ್ಲ. ಗೌಸೋದ್ದೀನ ಸರ್ ಅವರನ್ನು ಸಾಕಿ ಬೆಳೆಸಿದ ಅಕ್ಕ ಇಲ್ಲೇ ಇದ್ದಾರೆ, ಈ ಶಾಲು ನ್ಯಾಯವಾಗಿ ಅವರದ್ದು ಎಂದ. ಜನ ಮತ್ತೆ ಚಪ್ಪಾಳೆ ಹೊಡೆದರು. ಆಪಾ ಎದ್ದಳು, ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ಮೇಲೆ ಬಂದಳು. ಕಾಶೀರಾಮ ಶಾಲು ಹೊದಿಸಿ, "ಎರಡು ಮಾತು ಹೇಳ್ರಿ ಅಮ್ಮಾರ" ಅಂತ ಮೈಕು ಬಗ್ಗಿಸಿದ. ಈಗ ಹೇಳುತ್ತಾಳೆ ಎಂದು ಗೌಸೋದ್ದೀನ ಹಲ್ಲು ಕಚ್ಚಿದ. ಹೇಳಲಿ ಎಂದೂ ಬಯಸಿದ. ಎಲ್ಲರ ಮುಂದೆ ಕಪಾಳಕ್ಕೆ ಬಾರಿಸಲಿ.

"ನನಗ ಓದ್ಲಾಕ ಬರಲ್ರಿ" ಎಂದಳು ಆಪಾ. "ಇವತ್ತ ಕೇಳಿದೆ. ಚಂದ ಬರದಾರ್ರಿ. ಎಲ್ಲಾರೂ ನಕ್ರಿ, ಖುಷಿ ಆಯ್ತು."

ಬರದಾನ ಅನ್ನಲಿಲ್ಲ, ಬರದಾರ್ರಿ ಅಂದಳು. ಸಭೆಯಲ್ಲವೇ, ಮರ್ಯಾದೆಗೆ ಅಂದಳು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಮೂವರೂ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬಂದರು. ಅಲ್ಲಿಯ ಕಲ್ಲು ಬೆಂಚಿನ ಮೇಲೆ ಆಪಾ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಭಾಲ್ಕಿಯ ಬಸ್ಸು ಇನ್ನೂ ಬಂದಿರಲಿಲ್ಲ. ಪ್ರಣಿತಾ ತನ್ನ ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಆಪಾಳೇ ಮಾತು ತೆಗೆದಳು.

"ಪ್ರಣಿತಾ, ನಿನ್ನ ಮದುವಿ ಬಳಿ ಬ್ಯಾರೆಯವರ ಕೈಲೆ ಇಡಸ್ಕೋ ತಂಗಿ. ಅವ್ವಗ ನಾನೇ ಹೇಳ್ತೇನಿ."

"ಹಂಗ್ಯಾಕ್ರಿ ಆಂಟಿ..."

"ಮನ್ಯಾಗ ಹಿರ್ಯಾರು ಇರ್ತಾರ. ನಾಳಿಗಿ ಏನಾರ ಹೆಚ್ಚುಕಮ್ಮಿ ಆದ್ರ ನಿನಗ ಮಾತು ಬರ್ತದ. ಬಳಿ ನಾ ಕೊಡ್ತೇನಿ, ಚಲೋ ಹಸರ ಬಳಿ ತಗದಿಟ್ಟೀನಿ. ಇಡಸೋದು ಬ್ಯಾರೆಯವರು ಇಡಸ್ಲಿ."

ಗೌಸೋದ್ದೀನ ಹುಡುಗಿಯ ಮುಖ ನೋಡಿದ. ಇಲ್ಲ ಆಂಟಿ, ನೀವೇ ಇಡಿಸಬೇಕು ಎಂದು ಅವಳು ಒಂದು ಮಾತು ಅಂದುಬಿಟ್ಟರೆ, ಅದೊಂದು ಮಾತಿನ ಮೇಲೆ ತಾನು ಹೇಗೋ ಬದುಕಿಕೊಳ್ಳಬಹುದು ಅನ್ನಿಸಿತು. ಪ್ರಣಿತಾಳ ಕಣ್ಣು ತುಂಬಿದ್ದವು. ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬರ್ತೇನ್ರಿ ಎಂದು ಹೇಳಿ ಅವಳು ವಿಚಾರಣೆಯ ಕಿಟಕಿಯ ಕಡೆ ಹೋದಳು.

ಈಗ ಇಬ್ಬರೇ. ಅವನು ಬೆಂಚಿನ ತುದಿಗೆ ಕೂತು ದಖನಿಯಲ್ಲಿ, ಹುಟ್ಟಿದಾಗಿನಿಂದ ಅವಳೊಂದಿಗೆ ಆಡಿದ ಮಾತಿನಲ್ಲಿ, "ಆಪಾ, ವೋ ತೂ ನಹೀ. ಚಾಂದಬೀ ಬೋಲ್ಕೆ ಲಿಖ್ಯಾ ಮೈ" ಅಂದ. ಅದು ನೀನಲ್ಲ, ನಾನು ಬರೆದದ್ದು ಚಾಂದಬೀ ಅಂತ ಎಂದು. ಅಂದ ಕೂಡಲೇ ತನ್ನ ಸುಳ್ಳು ತನಗೇ ಹೊಲಸೆನ್ನಿಸಿತು.

"ಭಾಲ್ಕಿ ಬಸ್ಸು ಈ ಕಡಿ ಬರ್ತದೋ, ಆ ಕಡಿ ನಿಂದ್ರತದೋ, ಮಾಸ್ತರ್ರ?" ಎಂದು ಆಪಾ ಕನ್ನಡದಲ್ಲಿ ಕೇಳಿದಳು.

ಅವನಿಗೆ ಕ್ಷಣಕಾಲ ಅರ್ಥವಾಗಲಿಲ್ಲ. ಪ್ರಣಿತಾ ಬಂದಳೋ ಏನೋ ಎಂದು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಪಾ ಅವನೊಡನೆ ಕನ್ನಡ ಮಾತಾಡಿದ್ದು ಇದೇ ಮೊದಲು. ಜ್ವರದಲ್ಲಿ, ಸಿಟ್ಟಿನಲ್ಲಿ, ಅವ್ವ ಸತ್ತ ದಿನ, ಇವನ ನಿಕಾಹದ ದಿನ, ಯಾವತ್ತೂ ಆಡಿರಲಿಲ್ಲ. "ಆಪಾ" ಅಂದ. "ಗಾಲಿಯಾಂ ತೋ ದೇ ಆಪಾ." ಬೈಯಾದರೂ ಬೈ. ಅವನ ದನಿ ಒಡೆಯಿತು, ಪಕ್ಕದಲ್ಲಿ ಶೇಂಗಾ ತಿನ್ನುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ.

"ನಿಮಗ್ಯಾಕ ಬೈಬೇಕ್ರಿ?" ಅಂದಳು ಆಪಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಇರುವಷ್ಟೇ ನಯ ಇತ್ತು. "ಓದಿದವರು. ಸಭಾದಾಗ ಶಾಲು ಹೊಚ್ಚಿಸಿದ್ರಿ. ನಾವ್ಯಾಕ ಬೈಬೇಕು?"

ಬಸ್ಸು ಬಂತು. ಪ್ರಣಿತಾ ಓಡಿ ಬಂದು ಚೀಲ ಎತ್ತಿಕೊಂಡು ಹತ್ತಿ ಕಿಟಕಿಯ ಸೀಟು ಹಿಡಿದಳು. ಆಪಾ ಶಾಲನ್ನು ಅವನ ಕೈಗೆ ಕೊಟ್ಟು, ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು, ಮಂಡಿ ನೋವಿದ್ದುದರಿಂದ ಒಂದೊಂದೇ. ಅವನು ಕೈ ಕೊಡಲು ಹೋದ. ಅವಳು ನೋಡಲಿಲ್ಲವೋ, ನೋಡಿ ಬಿಟ್ಟಳೋ. ಬಸ್ಸು ಕದಲುವಾಗ ಅವನು ಕಿಟಕಿಯ ಕೆಳಗೆ ನಡೆಯುತ್ತ, ಈ ಶುಕ್ರವಾರ ಬರುತ್ತೇನೆ, ಅಂಗಡಿಗೆ ಬರುತ್ತೇನೆ ಆಪಾ ಎಂದು ದಖನಿಯಲ್ಲಿ ಮತ್ತೆ ಮತ್ತೆ ಹೇಳಿದ.

"ಬರ್ರಿ, ಬರ್ರಿ" ಎಂದು ಆಪಾ ಕಿಟಕಿಯಿಂದ ನಕ್ಕಳು. "ನಿಮ್ಮ ಮನ್ಯಾಗ ಹೆಣ್ಣಮಕ್ಕಳು ಯಾರಾರ ಇದ್ರ ಅವರಿಗೂ ಕರ್ಕೊಂಡು ಬರ್ರಿ."

ಗುರುತಿಲ್ಲದ ಗಂಡಸು ಯಾವನಾದರೂ ಬಳೆ ಅಂಗಡಿಯ ಮುಂದೆ ನಿಂತರೆ ಅವಳು ಹೇಳುವ ಮಾತು ಅದು. ಗೌಸೋದ್ದೀನ ಶಾಲು ಹಿಡಿದುಕೊಂಡು ಬಸ್ಸಿನ ಹೊಗೆಯಲ್ಲಿ ನಿಂತ. ಆಗಲಿ ಎನ್ನಲು ಬಾಯಿ ತೆರೆದಾಗ ಅವನ ಬಾಯಿಂದಲೂ ಕನ್ನಡವೇ ಬಂತು: "ಆಯ್ತ್ರಿ, ಬರ್ತೇನ್ರಿ."